ಲವಣತ್ಯಾಗವೂ ಶರೀರಧರ್ಮವೂ

ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವು ನಾಲ್ಕನೆಯದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಷಡ್ರಸಗಳಲ್ಲಿ ಒಂದನ್ನಾಗಲಿ ಹಲವನ್ನಾಗಲಿ ತ್ಯಜಿಸುವುದು ಅದರ ಕ್ರಮ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಹಾರೂಗೇರಿ, ರಾಯಬಾಗ, ಅಥಣಿ, ಚಿಕ್ಕೋಡಿ ಸೀಮೆಯ ಶ್ರಾವಕರ ಮನೆಗಳಿಗೆ ಉಪ್ಪಿಲ್ಲದ ಏಕಭುಕ್ತವು ಹೊಸತಲ್ಲ. ಇದೇ ಸೀಮೆಯ ಸದಲಗಾದಲ್ಲಿ 1946ರಲ್ಲಿ ಜನಿಸಿ, 2024ರಲ್ಲಿ ಡೊಂಗರಗಢದ ಚಂದ್ರಗಿರಿಯಲ್ಲಿ ಸಮಾಧಿ ಹೊಂದಿದ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು ಉಪ್ಪು, ಸಕ್ಕರೆಗಳನ್ನು ತ್ಯಜಿಸಿದ್ದುದು ಸಮಾಜಕ್ಕೆಲ್ಲ ತಿಳಿದ ಸಂಗತಿ. ಇಲ್ಲೊಂದು ಪ್ರಶ್ನೆ ಏಳುತ್ತದೆ. ನಾಲಗೆಯು ಬಿಟ್ಟ ಉಪ್ಪನ್ನು ಶರೀರವೂ ಬಿಡುವುದೇ? ಬಿಡದಿದ್ದರೆ ಆ ತ್ಯಾಗವು ಯಾರದು?

ಕಾಲುವೆಯ ನೀರು ಹೆಚ್ಚಾಗಿ, ಬಸಿಯಲು ದಾರಿಯಿಲ್ಲದ ಹೊಲವು ಸವಳಾಗುವುದನ್ನು ಈ ಭಾಗದ ರೈತರು ಬಲ್ಲರು. ಶರೀರವೆಂಬ ಹೊಲಕ್ಕೆ ಮೂತ್ರಪಿಂಡಗಳೇ ಬಸಿಗಾಲುವೆಗಳು. ಅವು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂನಷ್ಟು ಉಪ್ಪಿರುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಪಾಲಿಗೂ ಹೆಚ್ಚು ಉಪ್ಪು ಮರಳಿ ರಕ್ತಕ್ಕೇ ಸೇರುತ್ತದೆ. ಮೂತ್ರವಾಗಿ ಹೊರಹೋಗುವುದು ಒಂದೆರಡು ಲೀಟರ್ ಮಾತ್ರ.

ಎಷ್ಟನ್ನು ಉಳಿಸಬೇಕು, ಎಷ್ಟನ್ನು ಬಿಡಬೇಕು ಎಂಬುದನ್ನು ನಿಶ್ಚಯಿಸುವಲ್ಲಿ ಹಾರ್ಮೋನುಗಳ ಪಾತ್ರ ದೊಡ್ಡದು. ಉಪ್ಪು, ನೀರು ಕಡಿಮೆಯಾಗಿ ರಕ್ತದ ಒತ್ತಡ ಇಳಿಯತೊಡಗಿದರೆ ಮೂತ್ರಪಿಂಡವು ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. 1898ರಲ್ಲಿ ಸ್ಟಾಕ್‌ಹೋಮಿನ ಟೀಗರ್‌ಸ್ಟೆಟ್ ಮತ್ತು ಬೆರ್ಗ್‌ಮನ್ ಇದನ್ನು ಕಂಡುಹಿಡಿದರು. ಅದರ ಪ್ರೇರಣೆಯಿಂದ ಹುಟ್ಟುವ ಆಂಜಿಯೋಟೆನ್ಸಿನ್ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟಿರಾನ್ ಸ್ರವಿಸುವಂತೆಯೂ ಮಾಡುತ್ತದೆ. ಆಲ್ಡೋಸ್ಟಿರಾನ್ ಉಪ್ಪನ್ನು ಹಿಡಿದಿಡುತ್ತದೆ. ಮಿದುಳಿನಿಂದ ಬರುವ ಮತ್ತೊಂದು ಹಾರ್ಮೋನು ನೀರನ್ನು ಉಳಿಸುತ್ತದೆ. ಉಪ್ಪು, ನೀರು ಹೆಚ್ಚಾದಾಗಲಾದರೋ ಹೃದಯವೇ ಒಂದು ಹಾರ್ಮೋನನ್ನು ಸ್ರವಿಸಿ ಉಪ್ಪನ್ನು ಹೊರಗೆ ಕಳುಹಿಸುತ್ತದೆ.

ಹಾಗಾದರೆ ವ್ರತಿಯು ಉಪ್ಪನ್ನು ತ್ಯಜಿಸಿದಷ್ಟೂ ಅವನ ಶರೀರವು ಅದನ್ನು ಕೂಡಿಡುತ್ತದೆ. ಇದು ಪರಿಗ್ರಹವಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲ. ಮಮತ್ವಭಾವವಿದ್ದಲ್ಲಿ ಪರಿಗ್ರಹ; ಹಾರ್ಮೋನು ಪುದ್ಗಲ, ಅದಕ್ಕೆ ಮಮತ್ವವಿಲ್ಲ. ಬ್ರೆಜಿಲಿನ ಅರಣ್ಯವಾಸಿಗಳಾದ ಯನೊಮಾಮಿ ಜನರು ಪರಂಪರೆಯಿಂದಲೇ ಆಹಾರಕ್ಕೆ ಉಪ್ಪು ಬೆರೆಸುವವರಲ್ಲ. ಅವರಲ್ಲಿ ಆಲ್ಡೋಸ್ಟಿರಾನ್ ಬಹಳ ಹೆಚ್ಚೆಂದೂ ರಕ್ತದೊತ್ತಡ ಕಡಿಮೆಯೆಂದೂ 1975ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ರೂಢಿಯಿಂದ ಉಪ್ಪು ತಿನ್ನದವನಲ್ಲಿಯೂ, ವ್ರತದಿಂದ ಬಿಟ್ಟವನಲ್ಲಿಯೂ ಮೂತ್ರಪಿಂಡದ ಕಾರ್ಯವು ಒಂದೇ. ಭೇದವಿರುವುದು ಭಾವದಲ್ಲಿ. ಪರವಶನಾಗಿ ಹಸಿವನ್ನು ಸಹಿಸಿದವನದು ಅಕಾಮನಿರ್ಜರೆ; ಇಚ್ಛೆಯನ್ನು ಅರಿತು ನಿರೋಧಿಸಿದವನದು ತಪಸ್ಸು. ಆದುದರಿಂದ ತ್ಯಾಗದ ಅಳತೆಯನ್ನು ರಕ್ತದಲ್ಲಿ ಕಡಿಮೆಯಾದ ಉಪ್ಪಿನಿಂದ ಮಾಡಲಾಗದು. ಉಪ್ಪನ್ನು ಬಿಟ್ಟೆನೆಂದು ಹೇಳಿ ಸೈಂಧವವನ್ನು ಬಳಸುವುದರಲ್ಲಿಯೂ ಅರ್ಥವಿಲ್ಲ. ಅದರ ಬಹುಭಾಗವೂ ಅಡಿಗೆಯ ಉಪ್ಪೇ. ಮೂತ್ರಪಿಂಡವು ಹೆಸರನ್ನು ನೋಡುವುದಿಲ್ಲ.

ಇನ್ನೊಂದು ವಿಷಯವು ಇದಕ್ಕಿಂತ ಗಂಭೀರವಾದುದು. ನಿರ್ಜಲ ಉಪವಾಸದಲ್ಲಿ ಶರೀರದ ನೀರು ಕಡಿಮೆಯಾಗುತ್ತಿದ್ದರೂ ಈ ಹಾರ್ಮೋನುಗಳು ಕೆಲಕಾಲ ಒತ್ತಡವನ್ನು ಕಾಯ್ದುಕೊಂಡು ಬರುತ್ತವೆ. ಹೀಗೆ ಕೊರತೆಯು ಹೊರಗೆ ಕಾಣುವುದಿಲ್ಲ. ಆಯಾಸವಿಲ್ಲ ಎಂಬ ಮಾತ್ರಕ್ಕೆ ಶಕ್ತಿಯಿದೆ ಎಂದು ಭಾವಿಸುವುದು ಭ್ರಮೆಯಾದೀತು. ವೃದ್ಧರಲ್ಲಿ ಬಾಯಾರಿಕೆಯ ಅರಿವೂ, ಉಪ್ಪು ನೀರುಗಳನ್ನು ಉಳಿಸುವ ಮೂತ್ರಪಿಂಡದ ಸಾಮರ್ಥ್ಯವೂ ಕುಂದಿರುತ್ತವೆ. ರಕ್ತದೊತ್ತಡಕ್ಕಾಗಿ ಕೊಡುವ ಕೆಲವು ಗುಳಿಗೆಗಳು ಆಂಜಿಯೋಟೆನ್ಸಿನ್ನಿನ ಕಾರ್ಯವನ್ನೇ ತಡೆಯುತ್ತವೆ. ಕೆಲವು ಮೂತ್ರವನ್ನು ಹೆಚ್ಚಿಸಿ ಉಪ್ಪನ್ನು ಹೊರಹಾಕುತ್ತವೆ. ರೋಗಿಗೆ ಅವು ಉಪಕಾರಿಗಳೇ. ಆದರೆ ನೀರನ್ನೂ ಬಿಟ್ಟ ದಿನ ಶರೀರಕ್ಕೆ ಆಧಾರವಾಗಬೇಕಾದ ವ್ಯವಸ್ಥೆಯನ್ನೇ ಅವು ಕಟ್ಟಿಹಾಕುವುದರಿಂದ ತಲೆತಿರುಗಿ ಬೀಳುವ, ಮೂತ್ರಪಿಂಡವೇ ಕೆಡುವ ಅಪಾಯವುಂಟು. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಿದರೂ ಒತ್ತಡವೇರಿ ಹಾನಿಯಾಗಬಹುದು.

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಸ್ಸುಗಳೆರಡಕ್ಕೂ ಶಕ್ತ್ಯನುಸಾರ ಎಂಬ ನಿಯಮವನ್ನು ಆಚಾರ್ಯರು ಜೋಡಿಸಿದ್ದಾರೆ. ಶಕ್ತಿಯನ್ನು ಮರೆಮಾಚುವುದು ಹೇಗೆ ದೋಷವೋ ಶಕ್ತಿಯನ್ನು ಮೀರುವುದೂ ಹಾಗೆಯೇ ದೋಷ. ಆದುದರಿಂದ ಔಷಧಿ ಸೇವಿಸುವ ಶ್ರಾವಕ-ಶ್ರಾವಿಕೆಯರು ಪರ್ವಕ್ಕೆ ಮುನ್ನವೇ ವೈದ್ಯರನ್ನು ಕಂಡು, ಯಾವ ವ್ರತ ಸಾಧ್ಯ, ಗುಳಿಗೆಯನ್ನು ಹೇಗೆ ಹೊಂದಿಸಬೇಕು ಎಂದು ಕೇಳಿಕೊಳ್ಳಬೇಕು. ಅನಶನವು ಸಲ್ಲದೆಂದಾದರೆ ಅವಮೌದರ್ಯವಿದೆ; ಅದೂ ತಪಸ್ಸೇ. ಮನೆಯ ಹಿರಿಯರು ಒಂದು ಲೋಟ ನೀರು ಕುಡಿದರೆ ವ್ರತಭಂಗವೆಂದು ಹೀಯಾಳಿಸದಿರುವುದು ಕಿರಿಯರ ಅಹಿಂಸಾವ್ರತ. ಶರೀರವು ಆತ್ಮವಲ್ಲ, ನಿಜ. ಆದರೂ ಸಂಯಮವನ್ನು ಸಾಧಿಸಲು ಮನುಷ್ಯನಿಗೆ ದೊರೆತಿರುವ ಸಾಧನವು ಅದೊಂದೇ. ಅದರ ಧರ್ಮವನ್ನರಿತು ಹಿಡಿದ ವ್ರತವೇ ಕೊನೆಯವರೆಗೆ ನಿಲ್ಲುವುದು.