ಹಿಟ್ಟಿನ ಬೊಂಬೆಯೂ ಸಂಕಲ್ಪಹಿಂಸೆಯೂ

ಹುಣಸೂರು ತಾಲ್ಲೂಕೆಂದರೆ ಶ್ರಾವಕರಿಗೆ ಮೊದಲು ನೆನಪಾಗುವುದು ಗೊಮ್ಮಟಗಿರಿಯ ಬಾಹುಬಲಿಸ್ವಾಮಿ. ಇದೇ ತಾಲ್ಲೂಕಿನ ಗುರುಪುರದಲ್ಲಿ 1970ರ ದಶಕದಿಂದ ಟಿಬೆಟನ್ ನಿರಾಶ್ರಿತರು ನೆಲೆಸಿದ್ದಾರೆ. ನೆರೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1963ರಲ್ಲಿ ಪೆನೋರ್ ರಿಂಪೋಚೆಯವರು ನಾಮ್‌ಡ್ರೋಲಿಂಗ್ ವಿಹಾರವನ್ನು ಸ್ಥಾಪಿಸಿದರು. ಅಲ್ಲಿ ಟಿಬೆಟನ್ ಹೊಸವರ್ಷವಾದ ಲೋಸರ್‌ಗೆ ಮುನ್ನ ‘ಛಾಮ್’ ಎಂಬ ಮುಖವಾಡದ ನೃತ್ಯ ನಡೆಯುತ್ತದೆ.

ಉಗ್ರದೇವತೆಗಳ, ಜಿಂಕೆಯ, ಅಸ್ಥಿಪಂಜರದ ಮುಖವಾಡ ಧರಿಸಿದ ಭಿಕ್ಷುಗಳು ಉದ್ದನೆಯ ಕಹಳೆ, ತಾಳ, ಬಾಗಿದ ಕೋಲಿನಿಂದ ಬಡಿಯುವ ಚರ್ಮವಾದ್ಯಗಳ ಗಂಭೀರ ನಾದಕ್ಕೆ ಮೆಲ್ಲನೆ ಹೆಜ್ಜೆಯಿಡುತ್ತಾರೆ. ಛಾಮ್ ಪರಂಪರೆಯ ಒಂದು ಘಟ್ಟದಲ್ಲಿ ಹಿಟ್ಟಿನಿಂದ ಮಾಡಿದ ಮನುಷ್ಯಾಕೃತಿಯೊಂದನ್ನು ಆಯುಧದಿಂದ ಇರಿದು ತುಂಡರಿಸುವುದುಂಟು.

ಇದನ್ನು ಕೇಳಿದ ಜೈನನಿಗೆ ಜನ್ನಕವಿಯ ‘ಯಶೋಧರ ಚರಿತೆ’ (1209) ನೆನಪಾಗದಿರದು. ಯಶೋಧರನು ಜೀವಬಲಿಗೆ ಒಪ್ಪದೆ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿದನು. ಒಂದು ಜೀವವೂ ಅಳಿಯಲಿಲ್ಲ. ಆದರೂ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ತೊಳಲಬೇಕಾಯಿತು. ಕೈ ಹಿಟ್ಟನ್ನು ಕಡಿದರೂ ಮನಸ್ಸು ಕೋಳಿಯನ್ನು ಕಡಿದಿತ್ತು. ಇದೇ ಸಂಕಲ್ಪಹಿಂಸೆ. ಹಾಗಾದರೆ ಭಿಕ್ಷುವಿನ ಹಿಟ್ಟಿನ ಬೊಂಬೆಯೂ ಅದೇ ದೋಷಕ್ಕೆ ಒಳಗಾಗುವುದೇ?

ಇಲ್ಲಿ ವಿವೇಚನೆ ಅಗತ್ಯ. ಯಶೋಧರನ ಕೋಳಿ ಜೀವಕ್ಕೆ ಬದಲಾಗಿ ನಿಂತದ್ದು. ಛಾಮ್‌ನ ಬೊಂಬೆ, ಬೌದ್ಧರ ವಿವರಣೆಯಂತೆ, ಅಹಂಕಾರಕ್ಕೆ ಬದಲಾಗಿ ನಿಂತದ್ದು. ಕ್ರೋಧ, ಮಾನ, ಮಾಯಾ, ಲೋಭಗಳನ್ನು ಗೆಲ್ಲುವವನನ್ನು ಜಿನನೆಂದು ಪೂಜಿಸುವ ನಮಗೆ ಈ ಆಶಯ ಅಪರಿಚಿತವಲ್ಲ.

ಆದರೆ ಪ್ರಶ್ನೆ ಅಷ್ಟಕ್ಕೇ ಮುಗಿಯದು. ಕರಿಟೋಪಿಯ ನೃತ್ಯಕ್ಕೆ ಟಿಬೆಟನ್ ಪರಂಪರೆ ಇನ್ನೊಂದು ನೆನಪನ್ನೂ ಜೋಡಿಸಿದೆ: 842ರಲ್ಲಿ, ಬೌದ್ಧಧರ್ಮವನ್ನು ಪೀಡಿಸಿದನೆಂದು ಹೇಳಲಾಗುವ ಲಾಂಗ್‌ದರ್ಮ ದೊರೆಯನ್ನು ಭಿಕ್ಷುವೊಬ್ಬನು ಬಾಣದಿಂದ ಕೊಂದ ಪ್ರಸಂಗ. ಅದು ಕರುಣೆಯಿಂದಲೇ ಮಾಡಿದ ಕೃತ್ಯವೆಂಬುದು ಅವರ ನಂಬಿಕೆ. ಗೃಹಸ್ಥನಿಗೆ ಅನಿವಾರ್ಯವಾದ ವಿರೋಧೀ ಹಿಂಸೆಯನ್ನು ನಮ್ಮ ಆಚಾರ್ಯರು ಬೇರೆಯಾಗಿ ಗಣಿಸಿದ್ದಾರೆ. ಮುನಿಗಾದರೋ ಆ ವಿನಾಯಿತಿಯಿಲ್ಲ. ಇಲ್ಲಿ ಜೈನನು ಗೌರವದಿಂದಲೇ ಭಿನ್ನಮತ ತಾಳಬೇಕಾಗುತ್ತದೆ. ಅನೇಕಾಂತವೆಂದರೆ ಎಲ್ಲಕ್ಕೂ ತಲೆದೂಗುವುದಲ್ಲ; ಎಲ್ಲಿಯವರೆಗೆ ಒಪ್ಪಬಹುದೆಂದು ತಾಳ್ಮೆಯಿಂದ ಅಳೆಯುವುದು.

ಅಳೆಯುವ ಕೋಲು ನೆರೆಯವರಿಗೆ ಮಾತ್ರ ಮೀಸಲಾಗಬಾರದು. ಆಯುಧಪೂಜೆಯಂದು ಎಷ್ಟೋ ಜೈನರ ಅಂಗಡಿಗಳ ಮುಂದೆಯೂ ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೆಯುತ್ತಾರೆ. ಆ ಕೆಂಪು ಯಾವುದರ ಗುರುತು? ಒಡೆಯುವಾಗ ಮನಸ್ಸಿನಲ್ಲಿರುವುದು ತನ್ನ ಲೋಭವೋ, ಎದುರಂಗಡಿಯವನ ಕೆಟ್ಟ ದೃಷ್ಟಿಯೋ? ಭಿಕ್ಷು ತನ್ನ ಬೊಂಬೆಗೆ ಅಹಂಕಾರವೆಂದು ಹೆಸರಿಟ್ಟಿದ್ದಾನೆ. ಅಂಗಡಿಯ ಒಡೆಯ ತನ್ನ ಕುಂಬಳಕ್ಕೆ ಏನೆಂದು ಹೆಸರಿಟ್ಟಿದ್ದಾನೆ? ಉತ್ತರ ಹೇಳಲಾಗದಿದ್ದರೆ ಆ ಕುಂಬಳವನ್ನು ಅಡುಗೆಮನೆಗೆ ಕಳುಹಿಸುವುದೇ ಲೇಸು.

ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಮೇಲೆತ್ತಿದ ಬಾಹುಬಲಿ ಆತನನ್ನು ನೆಲಕ್ಕಪ್ಪಳಿಸದೆ ಮೆಲ್ಲನೆ ಇಳಿಸಿದನು. ಬಳಿಕ ಅವನು ಗೆಲ್ಲಬೇಕಾದ ಶತ್ರು ತನ್ನೊಳಗಿನ ಮಾನಕಷಾಯವೊಂದೇ ಆಗಿತ್ತು. ಅದನ್ನು ಗೆಲ್ಲಲು ಅವನಿಗೆ ಮುಖವಾಡವಾಗಲಿ ಬೊಂಬೆಯಾಗಲಿ ಬೇಕಾಗಲಿಲ್ಲ, ನಿಶ್ಚಲವಾಗಿ ನಿಂತನು. ಗೊಮ್ಮಟಗಿರಿಯಲ್ಲಿ ಇಂದಿಗೂ ಹಾಗೆಯೇ ನಿಂತಿದ್ದಾನೆ.