ದಾನವೂ ಪಾತ್ರತೆಯೂ

ದೇಶ, ಕಾಲ, ಪಾತ್ರಗಳನ್ನು ನೋಡಿ ದಾನಮಾಡಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ದೇಶಕಾಲಗಳ ನಿರ್ಣಯಕ್ಕೆ ಪಂಚಾಂಗವಾದರೂ ಉಂಟು, ಪಾತ್ರನನ್ನು ಗುರುತಿಸುವುದೆಂತು? ಪಾತ್ರತೆಯು ದಾನಕ್ಕೆ ಮೊದಲೇ ಸಿದ್ಧವಾಗಿರಬೇಕೆ, ಅಥವಾ ದಾನವನ್ನು ಸ್ವೀಕರಿಸಿದ ಬಳಿಕ ಸಂಪಾದಿಸಬಹುದಾದದ್ದೆ? ಈ ವಿಚಾರಕ್ಕೆ ಆಂಗ್ಲಕವಿ ವಿಲಿಯಂ ವರ್ಡ್ಸ್‌ವರ್ತನ ಜೀವನದ ಒಂದು ಪ್ರಸಂಗವು ಬಹಳ ಉಪಯುಕ್ತವಾಗಿದೆ.

1794ರಲ್ಲಿ ಇಪ್ಪತ್ತನಾಲ್ಕು ವರ್ಷದ ವರ್ಡ್ಸ್‌ವರ್ತನಿಗೆ ಬಾಳಿನಲ್ಲಿ ಒಂದು ನೆಲೆಯಿರಲಿಲ್ಲ. ಎಳೆಯ ವಯಸ್ಸಿನಲ್ಲೇ ತಾಯಿತಂದೆಗಳನ್ನು ಕಳೆದುಕೊಂಡಿದ್ದನು. ತಂದೆಗೆ ಸಲ್ಲಬೇಕಾಗಿದ್ದ ಹಣವನ್ನು ಅವರ ಧಣಿಯಾಗಿದ್ದ ಪ್ರಭುವು ಕೊಟ್ಟಿರಲಿಲ್ಲ. ಕೇಂಬ್ರಿಡ್ಜಿನ ಪದವಿಯೇನೋ ಇತ್ತು. (ಪದವಿಯೊಂದೇ ಹೊಟ್ಟೆ ತುಂಬಿಸದೆಂಬುದು ನಮಗೂ ಹೊಸ ಮಾತಲ್ಲ.) ಪಾದ್ರಿಯಾಗೆಂದು ಬಂಧುಗಳ ಒತ್ತಾಯ, ಅವನಿಗೆ ಮನಸ್ಸಿಲ್ಲ. 1793ರಲ್ಲಿ ಪ್ರಕಟಿಸಿದ ಎರಡು ಕಾವ್ಯಗಳು ಜೀವನೋಪಾಯವಾಗಲಿಲ್ಲ. ಲಂಡನ್ನಿಗೆ ಹೋಗಿ ಪತ್ರಿಕಾವೃತ್ತಿಯನ್ನು ಹಿಡಿಯುವ ಯೋಚನೆಯಲ್ಲಿದ್ದನು.

ಆಗಲೇ ಸಹಪಾಠಿಯೊಬ್ಬನ ತಮ್ಮನಾದ ರೇಸ್ಲಿ ಕಾಲ್ವರ್ಟನು ಕ್ಷಯರೋಗದಿಂದ ಹಾಸಿಗೆ ಹಿಡಿದನು. ಪೆನ್ರಿತ್ ಎಂಬ ಊರಿನಲ್ಲಿ ವರ್ಡ್ಸ್‌ವರ್ತನು ಬಳಿಯಲ್ಲಿದ್ದು ಶುಶ್ರೂಷೆ ಮಾಡಿದನು. 1795ರ ಜನವರಿಯಲ್ಲಿ, ಇಪ್ಪತ್ತೊಂದು ವರ್ಷದ ಕಾಲ್ವರ್ಟನು ತೀರಿಕೊಂಡನು. ಉಯಿಲಿನಲ್ಲಿ ಗೆಳೆಯನಿಗೆ 900 ಪೌಂಡುಗಳನ್ನು ಬರೆದಿಟ್ಟಿದ್ದನು.

ಇದು ಶುಶ್ರೂಷೆಯ ಕೂಲಿಯಲ್ಲವೆ ಎಂದು ಕೇಳಬಹುದು. ಅಲ್ಲ, ನೆರವಾಗುವ ಸಂಕಲ್ಪವನ್ನು ಕಾಲ್ವರ್ಟನು ಆ ಕೊನೆಯ ದಿನಗಳಿಗೆ ಮುನ್ನವೇ ತಿಳಿಸಿದ್ದನು. ಹಾಗಾದರೆ ಹಣದ ಆಸೆಯಿಂದಲೇ ಇವನು ಬಳಿಯಲ್ಲಿದ್ದನೆ? ಪರರ ಅಂತಃಕರಣವನ್ನು ತೂಗುವ ತಕ್ಕಡಿ ನಮ್ಮಲ್ಲಿಲ್ಲ. ದಾನಿಯ ಮನಸ್ಸಾದರೋ ಅಷ್ಟು ಅಸ್ಪಷ್ಟವಲ್ಲ. ತನ್ನ ಶಕ್ತಿಯಿಂದ ಲೋಕಕ್ಕೆ ಉಪಕಾರವಾದೀತೆಂಬ ನಂಬಿಕೆಯಲ್ಲದೆ ಆತನಿಗೆ ಬೇರಾವ ಕಾರಣವೂ ಇರಲಿಲ್ಲವೆಂದು ಕವಿಯು ಮುಂದೆ ಪತ್ರವೊಂದರಲ್ಲಿ ಬರೆದಿದ್ದಾನೆ. ಆ ನಂಬಿಕೆಗೆ ಪ್ರಮಾಣವಾದರೂ ಏನಿತ್ತು? ಬಹು ಸ್ವಲ್ಪ. ಮರಣಶಯ್ಯೆಯಲ್ಲಿದ್ದ ತರುಣನು ಫಲವನ್ನು ತಾನು ಕಾಣಲಾರೆನೆಂದು ತಿಳಿದೇ ಬೀಜಕ್ಕೆ ನೀರೆರೆದನು.

ಬದುಕಿರುವ ಗೆಳೆಯನ ಸಾಲವನ್ನು ತೀರಿಸಬಹುದು, ವಾಯಿದೆ ಕೇಳಬಹುದು, ಕಡೆಗೆ ಕ್ಷಮೆಯನ್ನಾದರೂ ಬೇಡಬಹುದು. ಮೃತನ ಮುಂದೆ ಇವಾವುವೂ ಸಾಗವು. ಉಳಿಯುವ ದಾರಿ ಒಂದೇ: ಆತನು ನಂಬಿದ್ದ ಕೆಲಸವನ್ನು ಮಾಡುವುದು. ಆ ಹಣ ಐಶ್ವರ್ಯವೇನಲ್ಲ, ಒಟ್ಟಾಗಿ ಕೈಸೇರಲೂ ಇಲ್ಲ. ಅದರಲ್ಲಿ ಒಂದು ಭಾಗವನ್ನು ಸ್ನೇಹಿತನಿಗೆ ಬಡ್ಡಿಗೆ ಕೊಟ್ಟದ್ದು ವಿವೇಕವಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಭೋಗಕ್ಕೆ ಅದು ವ್ಯಯವಾಗಲಿಲ್ಲ. ಅದೇ ವರ್ಷ ತಂಗಿ ಡೊರೊಥಿಯೊಡನೆ ಡಾರ್ಸೆಟ್ ಪ್ರಾಂತದ ರೇಸ್‌ಡೌನಿನಲ್ಲಿ, ಬಾಡಿಗೆಯಿಲ್ಲದೆ ದೊರೆತ ಮನೆಯಲ್ಲಿ, ತರಕಾರಿ ಬೆಳೆದುಕೊಂಡು ಮಿತವ್ಯಯದಿಂದ ಬಾಳುತ್ತ ಬರೆಯತೊಡಗಿದನು. 1798ರಲ್ಲಿ ಕೋಲ್‌ರಿಜನೊಡನೆ ‘ಲಿರಿಕಲ್ ಬ್ಯಾಲಡ್ಸ್’ ಹೊರಬಂದಿತು.

ಒಂದು ವೇಳೆ ಅಂತಹ ಕಾವ್ಯವು ಹುಟ್ಟದೇ ಹೋಗಿದ್ದರೆ ದಾನವು ಅಪಾತ್ರದಾನವಾಗುತ್ತಿತ್ತೆ? ಹಾಗೆ ನನಗೆ ತೋರುವುದಿಲ್ಲ. ಸೋಲು ದೋಷವಲ್ಲ, ಸ್ವೀಕರಿಸಿದವನು ಪ್ರಯತ್ನವನ್ನೇ ಮಾಡದಿದ್ದರೆ ದೋಷವು ಅವನದು, ದಾನಿಗೆ ಅದು ಅಂಟದು.

1807ರಲ್ಲಿ ಕವಿಯು ಕಾಲ್ವರ್ಟನ ಸ್ಮರಣೆಗೆ ಒಂದು ಸುನೀತವನ್ನು ಪ್ರಕಟಿಸಿದನು. ತನ್ನ ಬಾಳನ್ನೇ ವಸ್ತುವಾಗಿಸಿಕೊಂಡ ‘ದಿ ಪ್ರೆಲ್ಯೂಡ್’ ಎಂಬ ದೀರ್ಘಕಾವ್ಯದಲ್ಲಿಯೂ ಆ ಹೆಸರನ್ನಿರಿಸಿದನು. ಅದು ಅಚ್ಚಾದದ್ದು 1850ರಲ್ಲಿ, ಕವಿಯೂ ಕಣ್ಮುಚ್ಚಿದ ಮೇಲೆ.