ಗೃಹರಕ್ಷಣೆಯೂ ಬಂದೂಕಿನ ಆಯ್ಕೆಯೂ

ಹೆಂಡಿರುಮಕ್ಕಳನ್ನು ಕಾಪಾಡುವುದು ಗೃಹಸ್ಥನ ಧರ್ಮವೆಂಬುದರಲ್ಲಿ ವಿವಾದವಿಲ್ಲ. ಮನೆಗೆ ಬೆಂಕಿಯಿಡುವವನನ್ನೂ ಆಯುಧವನ್ನೆತ್ತಿ ಕೊಲ್ಲಬರುವವನನ್ನೂ ಧರ್ಮಶಾಸ್ತ್ರಕಾರರು ಆತತಾಯಿಗಳೆಂದು ಕರೆದು, ಅವರನ್ನು ಪ್ರತಿಭಟಿಸುವುದು ದೋಷವಲ್ಲವೆಂದಿದ್ದಾರೆ. ಆದರೆ ಹಿಂದೆಂದೂ ಬಂದೂಕನ್ನು ಮುಟ್ಟದವನು ಮನೆಯ ರಕ್ಷಣೆಗಾಗಿ ಒಂದನ್ನು ಕೊಳ್ಳಹೊರಟಾಗ ಯಾವುದನ್ನು ಆರಿಸಬೇಕು? ಮೇಲ್ನೋಟಕ್ಕೆ ಇದು ಅಂಗಡಿಯ ಪ್ರಶ್ನೆ. ವಿಚಾರಿಸಿದರೆ ಧರ್ಮದ ಪ್ರಶ್ನೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಗೆ ಈ ವಿಚಾರವು ಹೊಸತಲ್ಲ. 1948ರ ಸೆಪ್ಟೆಂಬರ್ 13ರಿಂದ 17ರ ವರೆಗಿನ ಸೈನಿಕ ಕಾರ್ಯಾಚರಣೆಯಿಂದ ಹೈದರಾಬಾದು ಸಂಸ್ಥಾನವು ಭಾರತಕ್ಕೆ ಸೇರುವ ಮುನ್ನ ರಜಾಕಾರರ ಹಾವಳಿಗೆ ಹೆದರಿ ಊರು ಬಿಟ್ಟವರು ಬಹು ಮಂದಿ. ಕಾರ್ಯಾಚರಣೆಯ ತರುವಾಯ ಇದೇ ಗುಲಬರ್ಗಾ ಜಿಲ್ಲೆಯಲ್ಲಿ ನಿರಪರಾಧಿಗಳಾದ ಮುಸಲ್ಮಾನರೂ ಹತರಾದರೆಂಬುದನ್ನು ಸುಂದರಲಾಲ ಸಮಿತಿಯು ವರದಿ ಮಾಡಿತು. ಎರಡನ್ನೂ ಒಟ್ಟಿಗೆ ನೆನೆದವರಿಗೆ ಒಂದು ಸತ್ಯವು ಹೊಳೆಯದಿರದು: ಭಯವು ಕಳೆದರೂ ಎತ್ತಿದ ಕೈ ತಾನಾಗಿ ಕೆಳಗಿಳಿಯುವುದಿಲ್ಲ.

ಈಗಿನ ಕಾನೂನು ಆ ಕೈಗೆ ಕೆಲವು ಕಟ್ಟುಗಳನ್ನು ಹಾಕಿದೆ. 1959ರ ಆಯುಧ ಕಾಯಿದೆಯಂತೆ ಪರವಾನಗಿ ಬೇಕು. 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯಾದಂದಿನಿಂದ ಸಾಮಾನ್ಯವಾಗಿ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಬಂದೂಕುಗಳಿರಕೂಡದು. 20 ಅಂಗುಲಕ್ಕೆ ಕಡಿಮೆಯಿಲ್ಲದ, ಒಳಮೈ ನುಣುಪಾದ ನಳಿಗೆಯ ಬಂದೂಕನ್ನು ರಕ್ಷಣೆಗೆಂದು ಕಾಯಿದೆಯೇ ಹೆಸರಿಸಿದೆ. ಪಿಸ್ತೂಲಿಗೆ ಬೇರೆ ತಕ್ಕ ಕಾರಣವನ್ನು ತೋರಿಸಬೇಕು. ಈ ಭೇದದಲ್ಲಿ ವಿವೇಕವಿದೆ. ಪಿಸ್ತೂಲು ಕೈಯೊಳಗೆ ಅಡಗುವುದಾದರೂ ಅಭ್ಯಾಸವಿಲ್ಲದವನ ಮಣಿಕಟ್ಟು ಕಿಂಚಿತ್ತು ನಡುಗಿದರೆ ಗುರಿ ತಪ್ಪುವುದು. ರೈಫಲಿನ ಗುಂಡು ಕಳ್ಳನನ್ನು ದಾಟಿ ನೆರೆಯವನ ಬಾಗಿಲನ್ನು ಹೊಗಬಹುದು. ಭುಜಕ್ಕೊತ್ತಿ ಹಿಡಿಯುವ ಹನ್ನೆರಡು ಬೋರಿನ ಜೋಡುನಳಿಗೆಯ ಬಂದೂಕು ಹೊಸಬನಿಗೆ ಸ್ಥಿರತೆಯನ್ನು ಕೊಡುತ್ತದೆ. ಆದರೂ ಶಹಾಬಾದಿ ಕಲ್ಲಿನ ಗೋಡೆಗೆ ತಾಗಿದ ಸಣ್ಣ ಗುಂಡುಗಳು ಹಿಂದಿರುಗಿ ಚಿಮ್ಮಬಲ್ಲವು.

ಇಷ್ಟಾದರೂ ಮುಖ್ಯ ಸಂಕಟವು ಉಳಿದೇ ಇದೆ. ಕಾಡತೂಸು ತುಂಬಿ ತಲೆದಿಂಬಿನ ಬಳಿ ಇಟ್ಟ ಬಂದೂಕು ಕಳ್ಳನಿಗೆ ಸಿದ್ಧವಾಗಿರುವಂತೆಯೇ ಮನೆಯ ಮಗುವಿಗೂ, ಕೋಪದಲ್ಲಿರುವ ತಮ್ಮನಿಗೂ, ಜೀವನದಲ್ಲಿ ಬೇಸತ್ತವನಿಗೂ ಸಿದ್ಧವಾಗಿರುತ್ತದೆ. ಬರಿದು ಮಾಡಿ ಬೀಗ ಹಾಕಿ, ಕಾಡತೂಸನ್ನು ಬೇರೆಡೆಯಲ್ಲಿಟ್ಟರೆ ನಡುರಾತ್ರಿ ಕೈಗೆ ಸಿಕ್ಕದು. ಎರಡು ಗುಣಗಳೂ ಒಂದೇ ಬಂದೂಕಿನಲ್ಲಿ ಪೂರ್ಣವಾಗಿ ದೊರಕವು. ಆದುದರಿಂದ ಆರಿಸಬೇಕಾದುದು ಆಯುಧವನ್ನಲ್ಲ, ಎರಡು ಅಪಾಯಗಳಲ್ಲಿ ಒಂದನ್ನು. ಕಳ್ಳನು ಎಂದಾದರೊಂದು ದಿನ ಬರಬಹುದು, ಬಾರದೆಯೂ ಇರಬಹುದು. ಮಗು ಪ್ರತಿದಿನವೂ ಮನೆಯಲ್ಲಿರುತ್ತದೆ. ಕಾಪಾಡಬೇಕಾದವರಿಗೇ ಕೇಡಾಗುವ ರಕ್ಷಣೆಯು ರಕ್ಷಣೆಯೆನಿಸದು. ಹೀಗಿರಲು ಬೀಗವನ್ನೇ ಆರಿಸುವುದು ಧರ್ಮ.

ಹಾಗಾದರೆ ನಡುರಾತ್ರಿಯ ಗತಿಯೇನು? ಗಟ್ಟಿಯಾದ ಅಗುಳಿ, ಅಂಗಳದ ದೀಪ, ಬೊಗಳುವ ನಾಯಿ, ಕೂಗಿದರೆ ಓಗೊಡುವ ನೆರೆ, 112ಕ್ಕೆ ಮಾಡುವ ಕರೆ ಇವುಗಳೇ ಮೊದಲ ಕೋಟೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಆತ್ಮರಕ್ಷಣೆಯ ಹಕ್ಕನ್ನು ಒಪ್ಪಿ, ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಕೇಡನ್ನು ನಿಷೇಧಿಸುತ್ತದೆ. ಆ ಮೇರೆಯನ್ನು ಕತ್ತಲೆಯಲ್ಲಿ, ಗಾಬರಿಯಲ್ಲಿ, ಕ್ಷಣಮಾತ್ರದಲ್ಲಿ ಅರಿಯಬೇಕು; ಬಾಗಿಲಲ್ಲಿ ನಿಂತವನು ತಡವಾಗಿ ಬಂದ ಸ್ವಂತ ಮಗನೇ ಆಗಿರಬಹುದು. ಆದಕಾರಣ ಯಾವಾಗ ಗುಂಡು ಹಾರಿಸಬಾರದೆಂಬುದನ್ನು ಶಾಂತವಾದ ಹಗಲಿನಲ್ಲಿ ನಿಶ್ಚಯಿಸಿಕೊಂಡವನಿಗೆ ಮಾತ್ರ ಬಂದೂಕನ್ನು ಆರಿಸುವ ಯೋಗ್ಯತೆ ಬರುತ್ತದೆ.